ಬಾಗಿಲವರೆಗೆ ಬಂದವರು

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನೀವು ಎಂದಾದರೂ ಕೂತಿದ್ದರೆ ನಿಮಗೆ ಗೊತ್ತಿರುತ್ತದೆ, ಆ ಬಸ್ಸಿನಲ್ಲಿ ಯಾರಿಗೂ ಗುಟ್ಟು ಎಂಬುದಿಲ್ಲ. ನಿಟ್ಟೆಯಲ್ಲಿ ಕಾಲೇಜು ಮಕ್ಕಳು ಇಳಿದು ಬಸ್ಸು ಸ್ವಲ್ಪ ಖಾಲಿಯಾದ ಮೇಲೆ ಉಳಿದವರು ಕಾಲು ಚಾಚಿ ಕೂತು ಮೊಬೈಲು ತೆಗೆಯುತ್ತಾರೆ. ಮೊನ್ನೆ ನನ್ನ ಮುಂದಿನ ಸೀಟಿನಲ್ಲಿದ್ದ ಹೆಂಗಸು ಯಾರದೋ ವಾಯ್ಸ್ ಮೆಸೇಜನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹಾಕಿದರು. ದುಬೈಯಿಂದಲೋ ಕತಾರಿನಿಂದಲೋ ಬಂದ ಒಬ್ಬ ಗಂಡಸಿನ ದನಿ. ಬಿಸಿಲು ಜಾಸ್ತಿ, ರಜೆ ಸಿಗಲಿಲ್ಲ, ಮಗುವಿಗೆ ಶೀತ ಕಡಿಮೆಯಾಯಿತಾ ಎಂದು. ಆ ಹೆಂಗಸು ಅದನ್ನು ಮುಗಿಯುತ್ತಲೇ ಮತ್ತೊಮ್ಮೆ ಹಾಕಿದರು. ಮೂರನೆಯ ಸಲ ಹಾಕುವಾಗ ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಕಂಡಕ್ಟರ್ ನಗಾಡಿದ. "ಎಂತ ಟೀಚರೇ, ಅಲ್ಲಿ ಸೆಕೆಯಾ?" ಎಂದ. ಹೌದು ಎಂದೆ. ಒಬ್ಬರ ದನಿಯನ್ನು ಇನ್ನೊಬ್ಬರು ಮತ್ತೆ ಮತ್ತೆ ಕೇಳುವುದನ್ನು ನನ್ನಿಂದ ನೋಡಲಾಗುವುದಿಲ್ಲ ಎಂದು ಕಂಡಕ್ಟರಿಗೆ ಹೇಳುವುದು ಹೇಗೆ?

ನಾನು ಕಾರ್ಕಳದ ಮನೆಯಿಂದ ಹೊರಟು, ಪಡುಬಿದ್ರಿಯಲ್ಲಿ ಬಸ್ಸು ಬದಲಾಯಿಸಿ, ಕಾಪುವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹಳಗನ್ನಡದ ಪದ್ಯವನ್ನು ಬಿಡಿಸಿ ಹೇಳಲು ನನಗೆ ಅಳುಕಿಲ್ಲ, ಆದರೆ ಟಿ.ವಿ.ಯ ರಿಮೋಟಿನಲ್ಲಿ ನಾನು ಬಲ್ಲ ಬಟನ್ನುಗಳು ಎರಡೇ. ಇಂಥವಳನ್ನು ಕೆಲವು ವರ್ಷಗಳ ಹಿಂದೆ ಡಿಜಿಟಲ್ ಕತೆ ಹೇಳುವ ತರಬೇತಿಗೆ ಮಣಿಪಾಲಕ್ಕೆ ಕಳಿಸಿದರು. ಹೋಗಬೇಕಾಗಿದ್ದದ್ದು ವಿಜ್ಞಾನದ ಟೀಚರು. ಅವರು ಹೆರಿಗೆ ರಜೆಯಲ್ಲಿದ್ದರು. "ನೀವು ಹೋಗಿ ಬನ್ನಿ ಟೀಚರೇ, ಹೇಗೂ ಕತೆ ಅಂತ ಉಂಟಲ್ಲ, ಅದು ನಿಮ್ಮ ಸಬ್ಜೆಕ್ಟೇ ಅಲ್ವಾ" ಎಂದರು ಹೆಡ್ಮಾಸ್ಟ್ರು.

ಎ.ಸಿ. ಹಾಲ್. ನಾನು ಸೆರಗು ಹೊದ್ದು ಕೂತಿದ್ದೆ. ತರಬೇತಿ ಕೊಟ್ಟವನು ನನ್ನ ಮಗನ ಪ್ರಾಯದ ಹುಡುಗ, ಒಳ್ಳೆಯವನು, ಎಲ್ಲರನ್ನೂ ಮೇಡಂ, ಸರ್ ಎಂದು ಕರೆದು ಹೆಸರು ಕೇಳಿ ನೆನಪಿಟ್ಟುಕೊಂಡವನು. ವಿಷಯ ಸರಳವಾಗಿತ್ತು. ಮಕ್ಕಳು ತಮ್ಮ ಬದುಕಿನ ಒಂದು ಸಂಗತಿಯನ್ನು ಆರಿಸಿಕೊಳ್ಳಬೇಕು. ಮೊಬೈಲಿನಲ್ಲಿ ಹತ್ತಿಪ್ಪತ್ತು ಫೋಟೋ ತೆಗೆಯಬೇಕು. ತಮ್ಮದೇ ದನಿಯಲ್ಲಿ ಕತೆ ಹೇಳಿ ಎರಡನ್ನೂ ಜೋಡಿಸಿದರೆ ಮೂರು ನಿಮಿಷದ ಒಂದು ಚಿತ್ರವಾಗುತ್ತದೆ. ಪ್ರತಿ ಕತೆಗೂ ಮೂರು ಭಾಗ ಇರಬೇಕು: ಒಂದು ಕಷ್ಟ, ಒಂದು ಹೋರಾಟ, ಕೊನೆಗೆ ಒಂದು ಬದಲಾವಣೆ. "ಕೊನೆಯಲ್ಲಿ ಬೆಳಕು ಕಾಣಬೇಕು ಮೇಡಂ, ಕತ್ತಲೆಯಲ್ಲಿ ಬಿಟ್ಟು ಹೋಗಬಾರದು" ಎಂದಿದ್ದ ಆ ಹುಡುಗ. ನಾನು ಅದನ್ನು ಗುಂಡಾದ ಅಕ್ಷರದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದು ನಮ್ಮ ತಲೆಮಾರಿನ ರೋಗ.

ನಿಜ ಹೇಳುತ್ತೇನೆ, ಶುರುವಿನ ಆ ಕೆಲವು ತಿಂಗಳುಗಳಷ್ಟು ಸಂತೋಷ ನನಗೆ ಪಾಠ ಮಾಡುವುದರಲ್ಲಿ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಇಷ್ಟು ವರ್ಷ ಈ ಮಕ್ಕಳು ನನಗೆ ಬರೆದುಕೊಟ್ಟದ್ದು ಗೈಡಿನ ಪ್ರಬಂಧಗಳನ್ನು. 'ನಾನು ನೋಡಿದ ಪ್ರವಾಸಿ ತಾಣ' ಎಂದರೆ ಸಾಕು, ಕಾಪುವಿನ ದೀಪಸ್ತಂಭದ ಬುಡದಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಣ್ಣಾರೆ ಕಾಣದ ಜೋಗದ ಬಗ್ಗೆ ಬರೆಯುತ್ತಿದ್ದರು. ಕನ್ನಡ ಅವರಿಗೆ ಶಾಲೆಯ ಭಾಷೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಕನ್ನಡದಲ್ಲಿ ಬಾಯಿ ತೆರೆದರೆ ವಾರ್ತೆ ಓದಿದ ಹಾಗೆ ಕೇಳುತ್ತಿತ್ತು. ಮನೆಯವರ ಮಾತನ್ನು ಮನೆಯವರ ಭಾಷೆಯಲ್ಲೇ ಹಾಕಬಹುದು ಎಂದು ಹೇಳಿದ್ದೇ ತಡ, ದನಿಗಳೇ ಬದಲಾದವು. ರೆಕಾರ್ಡು ಮಾಡಲು ಸದ್ದಿಲ್ಲದ ಜಾಗ ಬೇಕಲ್ಲ, ಇಡೀ ಶಾಲೆಯಲ್ಲಿ ಅಂಥ ಜಾಗ ಬಿಸಿಯೂಟದ ಅಕ್ಕಿ ಇಡುವ ಕೋಣೆ ಒಂದೇ. ಅಕ್ಕಿ ಮೂಟೆಗಳ ನಡುವೆ ಕೂತರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ ಎಂದು ಮಕ್ಕಳೇ ಕಂಡುಹಿಡಿದರು. ಫೋನನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಹಿಡಿಯಬೇಕು, ಉಸಿರು ತಾಗಬಾರದು, ಅವಸರ ಮಾಡಬಾರದು, ಎದುರಿಗೆ ನಿಮಗೆ ಬೇಕಾದವರು ಒಬ್ಬರು ಕೂತಿದ್ದಾರೆ ಎಂದುಕೊಂಡು ಹೇಳಬೇಕು ಎಂದು ನಾನು ಮಣಿಪಾಲದಲ್ಲಿ ಕಲಿತದ್ದನ್ನು ಒಪ್ಪಿಸುತ್ತಿದ್ದೆ. ಉಳಿದದ್ದನ್ನೆಲ್ಲ ಅವರು ನನಗೆ ಕಲಿಸಿದರು. "ಟೀಚರ್, ಹಾಗೆ ಒತ್ತಿ ಹಿಡಿಯಬೇಡಿ, ಮುಟ್ಟಿ ಬಿಡಿ" ಎಂದು ಅವರು ಹೇಳುವಷ್ಟರಲ್ಲಿ ನಾನು ಇಬ್ಬರ ಕತೆಗಳನ್ನು ಅಳಿಸಿ ಹಾಕಿಯಾಗಿತ್ತು. ಒಬ್ಬಳು ತನ್ನ ಮನೆಯ ಹುಂಜದ ಕತೆ ಹೇಳಿದಳು. ಹೇಳುವುದರ ನಡುವೆ ಹುಂಜವೇ ಕೂಗಿ ಅಡ್ಡಿಮಾಡಿತು. ಅದನ್ನು ತೆಗೆಯುವುದು ಬೇಡ ಎಂದು ಇಡೀ ಕ್ಲಾಸು ಹಟ ಹಿಡಿಯಿತು.

ಸುಪ್ರೀತಾ ಒಂಬತ್ತನೆಯ ತರಗತಿಯಲ್ಲಿದ್ದಳು. ಕಾಪುವಿನ ಪಡುಗಡೆ, ಸಮುದ್ರಕ್ಕೆ ತಾಗಿಕೊಂಡಂತಿರುವ ಮನೆಗಳಲ್ಲಿ ಒಂದು ಅವರದು. ತಂದೆ ಶೇಖರಣ್ಣ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಇದ್ದವರು. ಹಿಂದಿನ ವರ್ಷ ಒಂದು ದಿನ ನಸುಕಿನಲ್ಲಿ ಬಲೆ ಎಳೆಯುವಾಗ ಬೋಟಿನಿಂದ ಬಿದ್ದರು. ಜೊತೆಯವರು ಹುಡುಕಿದರು, ಬೇರೆ ಬೋಟಿನವರೂ ಬಂದು ಹುಡುಕಿದರು. ಸಿಗಲಿಲ್ಲ. ದೇಹವೂ ಸಿಗಲಿಲ್ಲ. ತಾಯಿ ಜಲಜಕ್ಕ ಕರಿಮಣಿ ತೆಗೆಯಲಿಲ್ಲ. ದೇಹ ಸಿಗದವರಿಗೂ ಮಾಡುವ ಉತ್ತರಕ್ರಿಯೆಯ ಕ್ರಮ ಒಂದು ಇದೆ, ಆದರೆ ಮನೆಯಾಕೆ ಒಪ್ಪಬೇಕಲ್ಲ. ಜಲಜಕ್ಕನ ಅಣ್ಣ, ಸುಪ್ರೀತಾಳ ಮಾವ, ತಿಂಗಳುಗಟ್ಟಲೆ ಹೇಳಿ ಹೇಳಿ ಕೊನೆಗೆ ತಂಗಿಯನ್ನು ಒಪ್ಪಿಸಿದ್ದರು. ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು. ಜಲಜಕ್ಕ ಮತ್ತೆ ಮೀನು ಮಾರಲು ಹೋಗತೊಡಗಿದ್ದರು. ಇದೆಲ್ಲ ನನಗೆ ಮೊದಲೇ ಗೊತ್ತಿದ್ದದ್ದಲ್ಲ, ಆಮೇಲೆ ಒಂದೊಂದಾಗಿ ತಿಳಿದದ್ದು.

ಆ ಹುಡುಗಿ ಮೊದಲು ತಂದ ಕತೆಯಲ್ಲಿ ಕೆಲವೇ ಫೋಟೋಗಳಿದ್ದವು. ಮನೆಯ ಮೆಟ್ಟಿಲು, ಮೊಳೆಗೆ ನೇತುಹಾಕಿದ ನೀಲಿ ಅಂಗಿ, ಖಾಲಿ ಮರಳು. 'ನನ್ನ ಪಪ್ಪ ಇನ್ನೂ ಬರಲಿಲ್ಲ' ಎಂದು ಶುರುವಾಗಿ ಅಲ್ಲಿಯೇ ಮುಗಿಯುತ್ತಿತ್ತು. ನಾನು ಏನೂ ಹೇಳುವ ಮೊದಲೇ ಅವಳೇ ಬೋರ್ಡಿನ ಮೇಲೆ ನಾನು ಬರೆದಿದ್ದ ಮೂರು ಭಾಗಗಳ ಕಡೆ ಕೈ ತೋರಿಸಿ ಕೇಳಿದಳು.

"ಟೀಚರ್, ನಮ್ಮ ಮನೆಯಲ್ಲಿ ಮೂರನೆಯದ್ದು ಇನ್ನೂ ಆಗಲಿಲ್ಲ. ಅಲ್ಲಿ ಎಂತ ಹಾಕುವುದು?"

ಹಾಕಲೇಬೇಕೆಂದಿಲ್ಲ, ಇಷ್ಟೇ ಸಾಕು ಎಂದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ. ಎಲ್ಲರ ಕತೆಗೂ ಕೊನೆ ಉಂಟು, ನನ್ನದಕ್ಕೆ ಮಾತ್ರ ಯಾಕೆ ಇಲ್ಲ ಎನ್ನುವ ಹಾಗೆ ನಿಂತಳು. ಮುಂದಿನ ವಾರ ಬೇರೆ ಕತೆ ತಂದಳು.

ಅದನ್ನು ನಿಮಗೆ ಹೇಳಲೇಬೇಕು. ಮೊದಲರ್ಧ ಹಳೆಯದೇ. ಆಮೇಲೆ ಬೆಳಗಿನ ಸಮುದ್ರ. ನೀಲಿ ಅಂಗಿಯ ಒಬ್ಬ ಗಂಡಸು ಮರಳಿನ ಮೇಲೆ ನಡೆದು ಬರುತ್ತಿದ್ದಾರೆ. ಮುಖ ಕಾಣುವುದಿಲ್ಲ, ಹಿಂದಿನಿಂದ ತೆಗೆದದ್ದು, ಒಂದರ ನಂತರ ಒಂದು ಫೋಟೋ. ಮರಳು ಮುಗಿದು ತೆಂಗಿನ ಬುಡ, ತೆಂಗಿನ ಬುಡ ದಾಟಿ ಅಂಗಳ, ಅಂಗಳದಿಂದ ಮೆಟ್ಟಿಲು. ಅಲ್ಲಿ ಸುಪ್ರೀತಾಳ ದನಿ ನಿಲ್ಲುತ್ತದೆ. ಇನ್ನೊಂದು ದನಿ ಕೇಳುತ್ತದೆ, ಗಾಳಿಯ ಸದ್ದಿನೊಳಗಿಂದ, ಸ್ವಲ್ಪ ಒಡಕು: "ಎಲ್ಲೆ ಕಾಂಡೆ ಬರ್ಪೆ." ನಾಳೆ ಬೆಳಿಗ್ಗೆ ಬರ್ತೇನೆ ಎಂದು ತುಳುವಿನಲ್ಲಿ. ಅದು ಶೇಖರಣ್ಣನದ್ದೇ ದನಿ. ಯಾವುದೋ ಸಲ ಬೋಟು ದಡದ ಹತ್ತಿರ ಬಂದು ನೆಟ್‌ವರ್ಕ್ ಸಿಕ್ಕಿದಾಗ ಮನೆಗೆ ಕಳಿಸಿದ್ದ ಮೆಸೇಜು. ಕೊನೆಯ ಫೋಟೋದಲ್ಲಿ ಬಾಗಿಲು ತೆರೆದಿದೆ. ಮುಗಿಯಿತು.

ನೀಲಿ ಅಂಗಿ ಹಾಕಿಕೊಂಡು ನಡೆದವರು ಮಾವ ಎಂದು ಅವಳು ಹೇಳಿದಳು. ಶಾಲೆಗೆ ಬೇಕು ಎಂದು ಒತ್ತಾಯ ಮಾಡಿ ನಡೆಸಿದ್ದಳಂತೆ. ಯಾತಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ಮಣಿಪಾಲದ ಆ ಹುಡುಗನಿಗೆ ಅದನ್ನು ಕಳಿಸಿದೆ. ಅವನು ಕೂಡಲೇ ಫೋನು ಮಾಡಿದ. "ಮೇಡಂ, ನನಗೆ ಅಳು ಬಂತು. ಇದು ಆ ಮಗುವಿನ ಗಾಯವನ್ನು ವಾಸಿ ಮಾಡ್ತದೆ ನೋಡಿ" ಎಂದ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮನಸ್ಸಿನಲ್ಲಿರುವುದನ್ನು ಹೇಳಿಕೊಂಡರೆ ಹಗುರಾಗುತ್ತದೆ ಎಂದು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ! ಹೇಳಿದ ಕತೆ ಕೇಳಿದವರ ಒಳಗೆ ಹೋಗಿ ಎಲ್ಲಿ ಕೂರುತ್ತದೆ, ಅಲ್ಲಿ ಎಂತ ಮಾಡುತ್ತದೆ ಎಂದು ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ.

ಪಾಲಕರ ಸಭೆಯ ದಿನ ಮಕ್ಕಳ ಕತೆಗಳನ್ನು ಗೋಡೆಯ ಮೇಲೆ ಬಿಟ್ಟೆವು. ಕಿಟಕಿಗಳಿಗೆ ಬಿಸಿಯೂಟದ ಗೋಣಿಗಳನ್ನು ಕಟ್ಟಿ ಕತ್ತಲು ಮಾಡಿದ್ದೆವು. ಹುಂಜದ ಕತೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಲಜಕ್ಕ ಮೀನಿನ ಬುಟ್ಟಿಯನ್ನು ಹೊರಗೆ ಜಗಲಿಯಲ್ಲಿಟ್ಟು, ಕಾಲು ತೊಳೆದು ಬಂದು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಗಳ ಕತೆ ಬಂದಾಗ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಹೆಡ್ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಜಲಜಕ್ಕ ಒಬ್ಬರೇ ಅಳಲಿಲ್ಲ. ಮುಗಿದ ಮೇಲೆ ನನ್ನ ಹತ್ತಿರ ಬಂದು ತುಳುವಿನಲ್ಲಿ ಕೇಳಿದರು.

"ಟೀಚರೇ, ಈ ಫೋಟೋ ತೆಗೆದದ್ದು ಯಾವಾಗ?"

"ಮೊನ್ನೆ, ಜಲಜಕ್ಕ. ನಿಮ್ಮ ಅಣ್ಣ ಅಲ್ವಾ ಅದು."

"ಹೌದು, ಅಣ್ಣನೇ" ಎಂದರು. "ಆದರೆ ನಡೆಯುವುದು ಅವರ ಹಾಗೆಯೇ" ಎಂದರು.

ಮಗಳ ಫೋನಿನಿಂದ ಆ ಕತೆಯನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಬುಟ್ಟಿ ಎತ್ತಿಕೊಂಡು ಹೋದರು.

ದೀಪಾವಳಿ ರಜೆ ಮುಗಿದ ಮೇಲೆ ಸುಪ್ರೀತಾಳ ಮಾವ ಶಾಲೆಗೆ ಬಂದರು. ಸಿಟ್ಟಿನಲ್ಲಿ ಬಂದವರಿಗೆ ಸ್ಟಾಫ್ ರೂಮಿನ ಬಾಗಿಲು ಕಾಣುತ್ತಲೇ ಸಿಟ್ಟು ಇಳಿದು ಹೋಗಿರಬೇಕು, ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. "ನೀವು ಓದಿದವರು, ನಿಮಗೆ ನಾನು ಎಂತ ಹೇಳುವುದು. ತಂಗಿ ಕ್ರಿಯೆ ಮಾಡುವುದು ಬೇಡ ಅಂತ ಹೇಳ್ತಾಳೆ ಟೀಚರೇ. ಭಟ್ಟರಿಗೆ ಹೇಳಿ ಆಗಿತ್ತು. ಗಂಡ ಬರ್ತೇನೆ ಅಂದಿದ್ದಾರೆ, ನಾನು ಹೇಗೆ ಮಾಡಿಸುವುದು ಅಂತ ಕೇಳ್ತಾಳೆ. ಮೀನಿಗೆ ಹೋಗುವುದು ಬಿಟ್ಟಿದ್ದಾಳೆ. ಬಾಗಿಲು ತೆರೆದಿಟ್ಟು ಕೂತಿರುವುದು ಅಷ್ಟೇ. ನನ್ನನ್ನೇ ನಡೆಸಿದಳಲ್ಲ ಆ ಹುಡುಗಿ..." ತಮ್ಮ ಕಾಲುಗಳನ್ನೇ ನೋಡುತ್ತ ನಿಂತರು.

ಸಂಜೆ ನಾನು ಸುಪ್ರೀತಾಳ ಜೊತೆ ಅವರ ಮನೆಗೆ ಹೋದೆ. ಜಲಜಕ್ಕ ನನ್ನನ್ನು ಕಂಡು ಸಂತೋಷದಿಂದಲೇ ಎದ್ದರು, ಚಾಪೆ ಹಾಕಿದರು, ಚಾ ಮಾಡಿ ಕೊಟ್ಟರು. ಹುಚ್ಚು ಹಿಡಿದವರ ಹಾಗೆ ಏನೂ ಇರಲಿಲ್ಲ. ನಾನು ನನಗೆ ತಿಳಿದ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಫೋಟೋ ಹೇಗೆ ಜೋಡಿಸುತ್ತಾರೆ, ಹಳೆಯ ಮೆಸೇಜಿನ ದನಿಯನ್ನು ಅದರ ಮೇಲೆ ಹೇಗೆ ಕೂರಿಸುತ್ತಾರೆ, ಮಗಳು ಆಸೆಪಟ್ಟು ಮಾಡಿದ್ದು, ನಿಜವಲ್ಲ ಎಂದು. ಪದ್ಯ ಬಿಡಿಸಿದ ಹಾಗೆ ಒಂದೊಂದನ್ನೂ ಬಿಡಿಸಿದೆ. ಅವರು ಪ್ರತಿ ಮಾತಿಗೂ ತಲೆಯಾಡಿಸಿದರು. ಗೊತ್ತುಂಟು ಟೀಚರೇ, ಗೊತ್ತುಂಟು ಎಂದರು. ನಾನು ನಿಲ್ಲಿಸಿದ ಮೇಲೆ ಫೋನು ತೆಗೆದು ಕತೆಯನ್ನು ಹಾಕಿ, ತೆರೆದ ಬಾಗಿಲಿನ ಫೋಟೋ ಬಂದಾಗ ಬೆರಳಿನಿಂದ ತೋರಿಸಿದರು.

"ಟೀಚರೇ, ಇದನ್ನು ಸ್ವಲ್ಪ ಉದ್ದ ಮಾಡಲಿಕ್ಕೆ ಆಗ್ತದಾ? ಬಾಗಿಲಲ್ಲೇ ನಿಂತು ಹೋಗ್ತದೆ ಇದು. ಒಳಗೆ ಬಂದು ಒಮ್ಮೆ ಕೂತುಕೊಳ್ಳುವಷ್ಟು ಸಾಕು."

ನಾನು ಸುಪ್ರೀತಾಳ ಮುಖ ನೋಡಿದೆ. ಅವಳು ಚಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಆದದ್ದನ್ನು ಹೇಳಲು ಹೆಚ್ಚು ಹೊತ್ತು ಬೇಡ. ಮಾವ ಉಡುಪಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಕೊಟ್ಟರು. ಜಲಜಕ್ಕ ಮಾತ್ರೆ ತೆಗೆದುಕೊಂಡರು, ನಿದ್ದೆ ಮಾಡಿದರು, ಎದ್ದು ಬಾಗಿಲು ತೆರೆದಿಟ್ಟರು. ಕ್ರಿಯೆ ಆಗಲಿಲ್ಲ. ಸುಪ್ರೀತಾ ಹತ್ತನೆಯ ತರಗತಿಗೆ ಬಂದಳು, ಮಳೆಗಾಲ ಮುಗಿಯುವ ಹೊತ್ತಿಗೆ ಬರುವುದನ್ನು ನಿಲ್ಲಿಸಿದಳು. ನಾನು ಎಷ್ಟು ಸಲ ಹೋಗಿ ಕರೆದೆನೋ! ಒಮ್ಮೆ ಪರೀಕ್ಷೆಗಾದರೂ ಬಾ ಎಂದೆ. "ಮನೆಗೆ ಯಾರಾದರೂ ದುಡಿಯಬೇಕಲ್ಲ ಟೀಚರ್" ಎಂದಳು. ಮೀನು ಕತ್ತರಿಸಿ ಪ್ಯಾಕ್ ಮಾಡುವ ಒಂದು ಶೆಡ್ಡಿಗೆ ಅವಳು ಕೆಲಸಕ್ಕೆ ಸೇರಿದಳು. ಕೈಗೆ ಗ್ಲೌಸು, ಕಾಲಿಗೆ ರಬ್ಬರಿನ ಬೂಟು, ತಲೆಗೆ ಪ್ಲಾಸ್ಟಿಕ್ ಟೊಪ್ಪಿ. ಅವಳಷ್ಟು ಸ್ಪಷ್ಟವಾಗಿ ಹೇಳುತ್ತಿದ್ದ ಇನ್ನೊಂದು ದನಿ ನನ್ನ ಕ್ಲಾಸಿನಲ್ಲಿ ಇರಲಿಲ್ಲ.

ನಾನು ಆ ವರ್ಷವೇ ಡಿಜಿಟಲ್ ಕತೆಯನ್ನು ನಿಲ್ಲಿಸಿದೆ. ಹೆಡ್ಮಾಸ್ಟ್ರು ಕೇಳಿದರು, ಪೋರ್ಷನ್ ಮುಗಿಯುವುದಿಲ್ಲ ಸರ್ ಎಂದೆ. ಮಕ್ಕಳು ಮತ್ತೆ ಜೋಗದ ಬಗ್ಗೆ ಬರೆಯತೊಡಗಿದರು. ಓದುವಾಗ ಯಾರ ಮನೆಯ ಬಾಗಿಲೂ ತೆರೆದುಕೊಳ್ಳುವುದಿಲ್ಲ. ಇದನ್ನು ನಾನು ನೆಮ್ಮದಿ ಎನ್ನಲಾರೆ.

ಬಸ್ಸಿನಲ್ಲಿ ಸೀಟು ಬದಲಾಯಿಸಿದೆ ಎಂದೆನಲ್ಲ, ಅದೇ ದಿನ ಸಂಜೆ ಕಾಪುವಿನ ಬಸ್ ಸ್ಟಾಪಿನಲ್ಲಿ ನನ್ನ ಹತ್ತಿರ ಬಂದು ಯಾರೋ "ಟೀಚರ್" ಎಂದರು. ಹೈವೇಯ ಲಾರಿಗಳ ಸದ್ದಿನಲ್ಲೂ ಆ ದನಿಯ ಗುರುತು ಸಿಕ್ಕಿತು. ಸುಪ್ರೀತಾ ಎತ್ತರವಾಗಿದ್ದಳು. ಬೆರಳ ತುದಿಗಳು ಐಸಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ನನ್ನ ಪಕ್ಕ ಕಲ್ಲಿನ ಬೆಂಚಿನಲ್ಲಿ ಕೂತಳು.

"ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ. ಬೇರೆ ಎಂತ ಕೇಳುವುದು?

"ಈಗ ಪರವಾಗಿಲ್ಲ ಟೀಚರ್. ಊಟ ಮಾಡ್ತಾರೆ. ಪಪ್ಪ ಹೇಳಿದ್ರೆ ಮಾಡ್ತಾರೆ."

ನನಗೆ ಅರ್ಥವಾಗಲಿಲ್ಲ. ಅವಳು ಫೋನು ತೆಗೆದಳು. "ಈಗ ಒಂದು ಆ್ಯಪ್ ಬಂದಿದೆ ಅಲ್ವಾ. ಹಳೇ ಮೆಸೇಜೆಲ್ಲ ಅದಕ್ಕೆ ಕೊಟ್ಟೆ. ನಾನು ತುಳುವಿನಲ್ಲಿ ಮಾತಾಡಿದ್ರೆ ಅದು ಪಪ್ಪನ ದನಿ ಮಾಡಿ ಕೊಡ್ತದೆ. ಮಾತು ನಂದು, ದನಿ ಮಾತ್ರ ಪಪ್ಪಂದು. ಶೆಡ್ಡಿನಲ್ಲಿ ಮಷೀನಿನ ಸದ್ದಲ್ವಾ, ಬ್ರೇಕಿನಲ್ಲಿ ಪ್ಯಾಕಿಂಗಿನ ರಟ್ಟಿನ ಬಾಕ್ಸ್ ಇಡುವ ಕೋಣೆಗೆ ಹೋಗಿ ರೆಕಾರ್ಡ್ ಮಾಡ್ತೇನೆ. ನೀವು ಹೇಳಿಕೊಟ್ಟ ಹಾಗೆಯೇ, ಒಂದು ಗೇಣು ದೂರ ಇಟ್ಟು. ಊಟ ಮಾಡು, ಮಾತ್ರೆ ತಗೋ ಅಂತ ಹೇಳಿ, ಪಪ್ಪನ ಹೆಸರು ಹಾಕಿದ ಇನ್ನೊಂದು ನಂಬರಿನಿಂದ ಅಮ್ಮನಿಗೆ ಕಳಿಸ್ತೇನೆ. ಮನೆಗೆ ಹೋಗುವಾಗ ಊಟ ಆಗಿರ್ತದೆ."

ನಾನು ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

"ಅಮ್ಮ ವಾಪಸ್ ಮೆಸೇಜ್ ಹಾಕ್ತಾರೆ ಟೀಚರ್. ಪಪ್ಪನ ಹತ್ತಿರ ಮಾತಾಡುವುದು. ನನ್ನ ವಿಷಯ ಎಲ್ಲ ಹೇಳ್ತಾರೆ, ಹುಡುಗಿ ತುಂಬ ದಣಿಯುತ್ತಾಳೆ ಅಂತ. ನಾನು ಆ ಬಾಕ್ಸಿನ ಕೋಣೆಯಲ್ಲಿ ಕೂತು ಕೇಳ್ತೇನೆ." ಅವಳು ನಗಲು ನೋಡಿದಳು. "ನಿನ್ನೆ, ಯಾವಾಗ ಬರ್ತೀರಿ ಅಂತ ಕೇಳಿದ್ದಾರೆ. ಅದಕ್ಕೆ ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ."

ನಾನು ಟೀಚರಲ್ಲವೇ, ಎಂತಾದರೂ ಹೇಳಬೇಕಲ್ಲ. ಹೇಳಿದೆ: "ನಾನು ಬರುವುದಿಲ್ಲ, ನನಗಾಗಿ ಕಾಯಬೇಡ, ಮಗಳನ್ನು ನೋಡಿಕೋ ಅಂತ ಹೇಳಿಸು ಮಗಾ. ಅವರ ದನಿಯಲ್ಲೇ ಕೇಳಿದರೆ ನಂಬಬಹುದು."

"ಅದನ್ನು ಒಮ್ಮೆ ಕಳಿಸಿ ನೋಡಿದೆ ಟೀಚರ್" ಎಂದಳು ಸುಪ್ರೀತಾ. "ಹೋದ ತಿಂಗಳು. ಅಮ್ಮ ಅದನ್ನು ಎರಡು ಸಲ ಕೇಳಿದ್ರು. ಇದು ಅವರ ದನಿ ಅಲ್ಲ, ಯಾರೋ ಮೋಸ ಮಾಡ್ತಿದ್ದಾರೆ ಅಂತ ಹೇಳಿ ಡಿಲೀಟ್ ಮಾಡಿದ್ರು."

ಅವಳ ಬಸ್ಸು ಬಂತು. ಓಡಿ ಹತ್ತಿ, ಕಂಬಿ ಹಿಡಿದುಕೊಂಡೇ ನನಗೆ ಕೈ ಬೀಸಿದಳು. ಶಾಲೆ ಬಿಟ್ಟು ಮನೆಗೆ ಹೋಗುವ ಹುಡುಗಿಯ ಹಾಗೆಯೇ ಇದ್ದಳು.

ನಾನು ಕೂತೇ ಇದ್ದೆ. ಪಡುಬಿದ್ರಿಯ ಬಸ್ಸು ಬಂದು ಹೋಯಿತು. ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು. ಕಾರ್ಕಳದಿಂದ ನಮ್ಮವರು. "ಎಲ್ಲಿ ಮುಟ್ಟಿದಿ? ಬೆಳ್ಮಣ್ ದಾಟಿತಾ?" ಎಂದು ಕೇಳಿದರು. ಮೂವತ್ತು ವರ್ಷದಿಂದ ಕೇಳುತ್ತ ಬಂದ ದನಿ. ಹಲೋ, ಹಲೋ ಎನ್ನುತ್ತಿದ್ದರು. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಇದು ಅವರದೇ ಹೌದೋ ಎಂದು ನಾನು ಕೇಳಿಸಿಕೊಳ್ಳುತ್ತಿದ್ದೆ.